ಟವರಲ್ಲಿ ಕೂತೋರ ಕೈಯಲ್ಲಿ ಕೆಲಸ ಇರ್ಲಿ

ಸಾಗರದ ಓದುಗರೊಬ್ಬರು ಬರೆದಿದ್ದಾರೆ: ಮಳೆಗಾಲದಲ್ಲಿ ಬೆಂಗಳೂರಿಂದ ಬಂದ ವಿಮಾನ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್ ಮೇಲೆ ಎರಡು ಸುತ್ತು ಹೊಡೆದು ವಾಪಸ್ ಹೋಯ್ತು, ಇಷ್ಟೆಲ್ಲ ಕಂಪ್ಯೂಟರ್ ಇರೋ ಕಾಲದಲ್ಲಿ ವಿಮಾನಗಳಿಗೆ ದಾರಿ ಹೇಳೋಕೆ ಟವರಲ್ಲಿ ಮನುಷ್ಯ ಯಾಕೆ, ಪೂರ್ತಿ ಮೆಷಿನ್ನಿಗೇ ಬಿಟ್ರೆ ಆಗಲ್ವಾ ಅಂತ.

ಮೊದಲು ಇಷ್ಟು ಹೇಳ್ಬಿಡ್ತೀನಿ, ಟವರಿನವರು ಗಾಳಿ ಹೇಗಿದೆ, ಎಷ್ಟು ದೂರ ಕಾಣ್ತಿದೆ ಅಂತ ಹೇಳ್ತಾರೆ, ಮಂಜಲ್ಲಿ ಇಳಿಯೋದಾ ವಾಪಸ್ ಹೋಗೋದಾ ಅನ್ನೋದು ಕಡೆಗೆ ಪೈಲಟ್ ತೀರ್ಮಾನ.

ನಿಮ್ಮ ಪ್ರಶ್ನೆ ಮಾತ್ರ ಸಣ್ಣದಲ್ಲ. 2002ರ ಜುಲೈ 1ರ ರಾತ್ರಿ ಜ್ಯೂರಿಕ್‌ನಲ್ಲಿ ಒಬ್ಬನೇ ಕಂಟ್ರೋಲರ್, ಅಂದ್ರೆ ವಿಮಾನಗಳಿಗೆ ದಾರಿ ಹೇಳೋನು, ಎರಡು ಕಡೆಯ ಸ್ಕ್ರೀನ್ ನೋಡ್ಕೊಂಡಿದ್ದ, ಸಿಸ್ಟಂ ರಿಪೇರಿ ನಡೀತಿತ್ತು, ಫೋನೂ ಸರಿ ಇರ್ಲಿಲ್ಲ. ರಷ್ಯಾದ ವಿಮಾನಕ್ಕೆ ಅವ ಕೆಳಗಿಳಿ ಅಂದ, ಅದರ ಕಾಕ್‌ಪಿಟ್ಟಿನ ಟಿಕಾಸ್, ಅಂದ್ರೆ ವಿಮಾನಗಳು ಡಿಕ್ಕಿ ಆಗದಂತೆ ಎಚ್ಚರಿಸೋ ಯಂತ್ರ, ಮೇಲೇರು ಅಂತು, ಅಡ್ಡ ಬರ್ತಿದ್ದ ಕಾರ್ಗೋ ವಿಮಾನಕ್ಕೆ ಅದರ ಟಿಕಾಸ್ ಇಳಿ ಅಂದಿತ್ತು. ಎರಡೂ ಕೆಳಗಿಳಿದು ಡಿಕ್ಕಿ ಹೊಡೆದ್ವು. ಜರ್ಮನಿಯ ಊಬರ್‌ಲಿಂಗೆನ್ ಮೇಲೆ 71 ಜನ ಹೋದ್ರು, ಹೆಚ್ಚಿನೋರು ಮಕ್ಕಳು. ಟಿಕಾಸ್ ಹೇಳಿದ್ಮೇಲೆ ಕಂಟ್ರೋಲರ್ ಏನೇ ಅಂದ್ರೂ ಟಿಕಾಸ್ ಮಾತೇ ಕೇಳ್ಬೇಕು ಅಂತ ಆಮೇಲೆ ನಿಯಮ ಗಟ್ಟಿ ಮಾಡಿದ್ರು. ಆ ಕೊನೇ ಸೆಕೆಂಡುಗಳು ಮೆಷಿನ್ನಿಗೇ ಸೇರ್ಬೇಕು, ಒಪ್ತೀನಿ.

ಆದ್ರೆ ಉಳಿದ ಹೊತ್ತು? ಹೋದ ಕೊಯ್ಲಲ್ಲಿ ನಮ್ಮನೇಲಿ ರಾತ್ರಿ ಕರೆಂಟ್ ಹೋಯ್ತು, ಸುಲಿಯೋ ಮೆಷಿನ್ ನಿಂತ್ಹೋಯ್ತು, ಬೆಳಿಗ್ಗೆ ಹಂಡೆಗೆ ಹಾಕ್ಬೇಕಾದ ಹಸಿ ಅಡಿಕೆ ರಾಶಿ ಹಂಗೇ ಬಿದ್ದಿದೆ. ಮೆಟ್ಟುಗತ್ತಿ ಅಟ್ಟದಿಂದ ಇಳಿಸಿದ್ವಿ, ಕೂತು ಸುಲಿಯೋಕೆ ಬಂದಿದ್ದು ಇಬ್ಬರು ಅಜ್ಜಿಯರಿಗೆ ಮಾತ್ರ. ನಾಲ್ಕು ವರ್ಷದಿಂದ ಮೆಷಿನ್ ಬಾಯಿಗೆ ಅಡಿಕೆ ಸುರೀತಿದ್ದ ಹುಡುಗ ಮೂರನೇ ಕಾಯಿಗೇ ಹೆಬ್ಬೆರಳು ಕೊಯ್ಕೊಂಡ. ಬ್ರಿಟನ್ನಿನ ಲಿಸಾನ್ ಬೇನ್‌ಬ್ರಿಡ್ಜ್ ಅನ್ನೋ ಮನಶ್ಶಾಸ್ತ್ರಜ್ಞೆ 1983ರಲ್ಲೇ ಇದನ್ನ ಬರೆದಿದ್ರು, ಸುಲಭದ್ದನ್ನೆಲ್ಲ ಯಂತ್ರಕ್ಕೆ ಕೊಟ್ಟು ಮನುಷ್ಯನನ್ನ ಬರೀ ಕಾವಲಿಗೆ ಕೂರಿಸಿದ್ರೆ ಕೈ ಮರೆತುಹೋಗುತ್ತೆ, ಯಂತ್ರ ಕೈಕೊಟ್ಟಾಗ ಅವನಿಗೆ ಸಿಗೋದು ಮಾತ್ರ ಅತಿ ಕಷ್ಟದ ಕೆಲಸ, ಅದೂ ಅವಸರದಲ್ಲಿ.

ಅದಕ್ಕೇ ನಾನು ಹೇಳೋದು, ಎರಡು ವಿಮಾನ ಹತ್ರ ಬರ್ತಿವೆ ಅಂತ ಲೆಕ್ಕ ಹಾಕಿ ಕೂಗೋ ಕೆಲಸ ಕಂಪ್ಯೂಟರ್ ಮಾಡ್ಲಿ, ಅದಕ್ಕೆ ನಿದ್ದೆ ಬರಲ್ಲ. ಯಾರನ್ನ ಮೊದಲು ಬಿಡೋದು, ಯಾರನ್ನ ತಿರುಗಿಸೋದು ಅನ್ನೋದು ದಿನಾ ಕಂಟ್ರೋಲರ್ ಬಾಯಿಂದಲೇ ಬರ್ಲಿ. 2025ರ ನವೆಂಬರಲ್ಲಿ ದೆಹಲೀಲಿ ಫ್ಲೈಟ್ ಪ್ಲಾನ್ ಕಳಿಸೋ ಮೆಸೇಜ್ ಸಿಸ್ಟಂ ಕೆಟ್ಟು ನೂರಾರು ವಿಮಾನ ಗಂಟೆಗಟ್ಟಲೆ ತಡ ಆದ್ವಲ್ಲ, ಆವತ್ತು ಅಲ್ಲಿನ ಕಂಟ್ರೋಲರ್‌ಗಳು ಆ ಪ್ಲಾನುಗಳನ್ನ ಕೈಯಲ್ಲೇ ಮಾಡ್ಕೊಂಡು ಒಂದೊಂದಾಗಿ ಬಿಟ್ರು.