ಬ್ರಷ್ ಬದಲಿಸೋದು ಆಮೇಲೆ, ಮೊದಲು ನೀರು ಸೇರಿಸಿ

ಪ್ರಶ್ನೆ: ಟೇಬಲ್ ಮೇಲೆ ಆಡುವ ಯುದ್ಧದಾಟದ 28 ಮಿ.ಮೀ. ಪ್ಲಾಸ್ಟಿಕ್ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದೇನೆ. ಕಣ್ಣು, ಮೂಗು ಎಲ್ಲ ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಹಚ್ಚುವ ತಳಪದರ) ಹೊಡೆದರೆ ಮೈಯೆಲ್ಲ ತರಿತರಿ. ಇನ್ನೂ ಸಣ್ಣ ಬ್ರಷ್ ತಗೋಬೇಕಾ?
– ಓದುಗರು, ಬಸವನಗುಡಿ

ಉತ್ತರ: ಬೇಡ. ತೀರಾ ಸಣ್ಣ ಬ್ರಷ್‌ನಲ್ಲಿ ಬಣ್ಣ ನಿಲ್ಲೋದೇ ಇಲ್ಲ, ಮುಖದ ಹತ್ತಿರ ಒಯ್ಯುವಷ್ಟರಲ್ಲಿ ತುದಿಯಲ್ಲೇ ಒಣಗಿರುತ್ತದೆ. ತುದಿ ಚೂಪಾಗಿದ್ದರೆ 1ನೇ ನಂಬರೇ ಸಾಕು. ತಪ್ಪು ಇರೋದು ಬಣ್ಣದ ದಪ್ಪದಲ್ಲಿ. ಅಕ್ರಿಲಿಕ್ ಬಣ್ಣವನ್ನು ಬಾಟಲಿಯಿಂದ ನೇರ ಹಚ್ಚಬೇಡಿ, ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು ಹಚ್ಚಿ. ಮೊದಲ ಪದರ ಅಸಹ್ಯವಾಗಿಯೇ ಕಾಣುತ್ತದೆ, ಗಾಬರಿ ಬೇಡ.

ಬಣ್ಣ ಬೇಗ ಒಣಗುತ್ತಾ? ಮುಚ್ಚಳವಿರುವ ಹಳೇ ಟಿಫನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಕಿ ಅದರಲ್ಲೇ ಕಲಸಿ. ದುಬಾರಿ ಪ್ಯಾಲೆಟ್ ಸುಮ್ನೆ ಖರ್ಚು.

ತರಿಗೆ ಕಾರಣ ಎರಡಿರಬಹುದು. ತುಂಬಾ ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ, ಸುಮಾರು 20–30 ಸೆಂ.ಮೀ. ಸರಿ. ಇನ್ನೊಂದು ತೇವ. ಬೆಂಗಳೂರಿನ ಮಳೆಗಾಲದಲ್ಲಿ ಟೆರೇಸ್ ಮೇಲೆ ಸ್ಪ್ರೇ ಸಾಹಸ ಬಿಟ್ಟುಬಿಡಿ, ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ತನ್ನಿ. ನಿಧಾನ ಆಗುತ್ತದೆ ನಿಜ, ಆದರೆ ಮಳೆ ನಿಲ್ಲಲಿ ಅಂತ ಅಕ್ಟೋಬರ್‌ವರೆಗೆ ಕಾಯೋಕಾಗುತ್ತಾ?