ಜಗಳ ಇರುವ ಸಭೆಯಲ್ಲಿ ಉಳಿಯುವುದು ಹೇಗೆ?

ನೀವು ಕೇಳಿದ್ದು ಇದು: ಹುಬ್ಬಳ್ಳಿಯಲ್ಲಿ ಅಜ್ಜನ ಕಾಲದಿಂದ ಹೋಗುತ್ತಿರುವ ಕ್ರೈಸ್ತ ಸಭೆ (ಚರ್ಚು), ಈಗ ಕಮಿಟಿಯಲ್ಲಿ ಎರಡು ಗುಂಪು, ಲೆಕ್ಕದ ಮೇಲೆ ಅನುಮಾನ, ಆರಾಧನೆ ಮುಗಿದರೆ ಗೇಟಿನ ಹತ್ತಿರ ಚಾಡಿಮಾತು. ನಾಲ್ಕು ತಿಂಗಳಿಂದ ಮನೆಯಲ್ಲೇ ಮೊಬೈಲಿನಲ್ಲಿ ಪ್ರಸಂಗ (ಬೋಧನೆ) ಕೇಳುತ್ತಿದ್ದೀರಿ. ಇಂಥ ಸಭೆಯನ್ನು ಪ್ರೀತಿಸಲು ಆಗುತ್ತದೆಯೇ?

ಆಗುತ್ತದೆ. ಆದರೆ ಮೊದಲು ಮನಸ್ಸಿನಲ್ಲಿ ಪ್ರೀತಿ ಹುಟ್ಟಲಿ, ಆಮೇಲೆ ಹೋಗೋಣ ಎಂದು ಕಾಯಬೇಡಿ. ಸಭೆಯಲ್ಲಿ ಒಂದು ಕೆಲಸ ಹಿಡಿದವರಿಗೆ ತಡವಾಗಿಯಾದರೂ ಪ್ರೀತಿ ಬರುತ್ತದೆ. ದೂರದಿಂದ ನೋಡುವವರಿಗೆ ತಪ್ಪು ಮಾತ್ರ ಕಾಣುತ್ತದೆ.

ಒಂದು ವಿಷಯ ಮೊದಲೇ ಬಿಡಿಸಿ ಹೇಳುತ್ತೇನೆ. ಚಾಡಿ, ಗುಂಪುಗಾರಿಕೆ, ಒಣ ಪ್ರಸಂಗ, ಮನೆತನದ ಪ್ರತಿಷ್ಠೆ ಇವು ಸಭೆಯ ಕುಂದುಗಳು, ಸಹಿಸಿಕೊಂಡು ತಿದ್ದಬಹುದು. ಮಗುವಿನ ಮೇಲೆ, ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ್ದು ಕುಂದಲ್ಲ, ಅಪರಾಧ. ಮಗುವಿನ ವಿಷಯವಾದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು. ಅಲ್ಲಿ 'ಸಭೆಯ ಮಾನ ಹೋಗುತ್ತದೆ, ಕ್ಷಮಿಸಿ ಬಿಡ್ರಿ' ಎನ್ನುವವರ ಮಾತು ಕೇಳಬೇಡಿ. ಮುಂದೆ ಬರೆದದ್ದೆಲ್ಲ ಕುಂದುಗಳ ಬಗ್ಗೆ ಮಾತ್ರ.

ಕುಂದಿಲ್ಲದ ಸಭೆ ಮೊದಲ ಶತಮಾನದಲ್ಲೂ ಇರಲಿಲ್ಲ. ಗ್ರೀಸಿನ ಕೊರಿಂಥದಲ್ಲಿ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಊಟಕ್ಕೆ, ಕೂಡಿ ಬಂದಾಗ ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಅಮಲೇರಿದ್ದ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತು. ಆಗ ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ಏನು ಮಾಡಿದರು ನೋಡಿ. ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. ಊಟ ಹಂಚುವ ಜವಾಬ್ದಾರಿಗೆ ಏಳು ಜನರನ್ನು ಆರಿಸಲು ಸಭೆಗೇ ಹೇಳಿದರು. ದೂರು ಬಂದ ಕಡೆ ವ್ಯವಸ್ಥೆ ಹುಟ್ಟಿತು. ನಿಮ್ಮ ಸಭೆಗೂ ಬೇಕಾದದ್ದು ಬಹುಶಃ ಇದೇ.

ಈಗ ಕೆಲಸದ ಮಾತು. ಒಂದು ವರ್ಷ ಎಂದು ಗಡುವು ಹಾಕಿಕೊಳ್ಳಿ, ಅಲ್ಲಿಯವರೆಗೆ 'ಬಿಡಲೋ ಇರಲೋ' ಎಂದು ವಾರವಾರ ತೂಗಬೇಡಿ. ಆರಾಧನೆಗೆ ಹದಿನೈದು ನಿಮಿಷ ಮುಂಚೆ ಹೋಗಿ, ಮುಗಿದ ಮೇಲೆ ಅರ್ಧ ತಾಸು ನಿಲ್ಲಿ. ಪ್ರತಿ ವಾರ ಒಂದೇ ಬೆಂಚಿನಲ್ಲಿ ಕೂಡಿ. ಅಕ್ಕಪಕ್ಕದ ನಾಲ್ಕು ಮಂದಿಯ ಸುಖದುಃಖ ತಾನಾಗಿ ಕಿವಿಗೆ ಬೀಳುತ್ತದೆ. ಯಾರೂ ಕೈಹಾಕದ ಕೆಲಸ ಒಂದನ್ನೇ ಹಿಡಿಯಿರಿ: ಜಮಖಾನೆ ಮಡಚುವುದು, ಸಹಭೋಜನದ ಪಾತ್ರೆ ತೊಳೆಯುವುದು, ಮೊಣಕಾಲು ನೋವಿನ ಅಜ್ಜಿಯನ್ನು ಆಟೋದಲ್ಲಿ ಕರೆತಂದು ಬಿಡುವುದು. ಕಿಮ್ಸ್ ಆಸ್ಪತ್ರೆಯಲ್ಲಿ ಸಭೆಯವರು ಯಾರಾದರೂ ದಾಖಲಾದರೆ ಒಂದು ರಾತ್ರಿ ಹಾಸಿಗೆ ಪಕ್ಕ ಕೂಡಲು ಒಪ್ಪಿಕೊಳ್ಳಿ, ಮನೆಯವರು ಅಷ್ಟೊತ್ತು ನಿದ್ದೆ ಮಾಡಲಿ. ಮೊಬೈಲಿನ ಪ್ರಸಂಗ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಮೂರು ಕೆಲಸ ಒಟ್ಟಿಗೆ ಹಿಡಿದವರು ಆರು ತಿಂಗಳಲ್ಲಿ ದಣಿದು, ಸಿಟ್ಟಾಗಿ ಬಿಡುತ್ತಾರೆ. ಅದಕ್ಕೇ ಒಂದೇ ಸಾಕು ಎನ್ನುತ್ತೇನೆ.

ಹಣದ ಅನುಮಾನಕ್ಕೆ ಪ್ರಾರ್ಥನೆಯ ಜೊತೆ ಪದ್ಧತಿಯೂ ಬೇಕು. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ, ಚರ್ಚಿನೊಳಗೇ, ಬೇರೆ ಬೇರೆ ಮನೆತನದ ಇಬ್ಬರು ಎಣಿಸಬೇಕು. 500ರ ನೋಟು ಎಷ್ಟು, 100ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ರಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ ಹೋಗಬೇಕು. 'ಪೂರ್ತಿ' ಎನ್ನುವುದರಲ್ಲೇ ಎಲ್ಲ ಇದೆ. ಎಣಿಸಿದಾಗ 4,350 ರೂಪಾಯಿ ಇತ್ತು ಎಂದುಕೊಳ್ಳಿ. ಫ್ಯಾನ್ ರಿಪೇರಿಗೆ ಬಂದವನಿಗೆ ಅದರಲ್ಲೇ 600 ತೆಗೆದು ಕೊಟ್ಟರು, ಚೀಟಿ ಬರೆಸಿಕೊಳ್ಳಲಿಲ್ಲ, ಬ್ಯಾಂಕಿಗೆ ಹೋದದ್ದು 3,750. ವರ್ಷದ ಕೊನೆಗೆ ಆಡಿಟ್ ಮಾಡುವಾಗ ಆ 600 ಯಾರ ನೆನಪಿನಲ್ಲೂ ಇರುವುದಿಲ್ಲ. ಯಾರೂ ಕದ್ದಿಲ್ಲ, ಆದರೂ ಖಜಾಂಚಿಯ ಮನೆತನಕ್ಕೆ ಕಳ್ಳತನದ ಮಾತು ಅಂಟುತ್ತದೆ. ಸುಗ್ಗಿ ಹಬ್ಬದ ಲಿಲಾವಿನಲ್ಲೂ ಇದೇ ಕಥೆ: ಕುಂಬಳಕಾಯಿಗೆ, ಕೋಳಿಗೆ ಹುಮ್ಮಸ್ಸಿನಲ್ಲಿ ಸಾವಿರಗಟ್ಟಲೆ ಕೂಗಿ, ದುಡ್ಡು ಬಾಕಿ ಉಳಿಸಿ, ಕೇಳಿದರೆ ಮುನಿಸು. ಕೂಗಿದ ದಿನವೇ ಅರ್ಧ ಹಣ, ಉಳಿದದ್ದು ಒಂದು ತಿಂಗಳೊಳಗೆ ಎಂದು ಮೊದಲೇ ಸಾರಿಬಿಡುವುದು ಒಳ್ಳೆಯದು. ನೀವು ಇದನ್ನು ಕಮಿಟಿಯ ಮುಂದಿಡುವಾಗ 'ಕಳ್ಳರು' ಎಂಬ ಶಬ್ದ ಬಾಯಿಗೆ ಬರಬಾರದು. 'ಖಜಾಂಚಿಯವರ ಹೆಸರು ಉಳಿಸಲಿಕ್ಕೆ ಇದು ಬೇಕು' ಎನ್ನಿ. ಅದು ನಿಜವೂ ಹೌದು. ನಿಮ್ಮ ಚಂದಾ ಬಾಕಿ ಇದ್ದರೆ ಅದನ್ನು ಮೊದಲು ತುಂಬಿ. ಬಾಕಿ ಇಟ್ಟುಕೊಂಡು ಲೆಕ್ಕ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಒಬ್ಬ ವ್ಯಕ್ತಿಯ ಮೇಲೆ ಬೇಸರವಿದ್ದರೆ ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲಿ ಕ್ರಮ ಇದೆ: ಮೊದಲು ಅವನೊಬ್ಬನ ಹತ್ತಿರ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ. ನಮ್ಮಲ್ಲಿ ಇದು ತಲೆಕೆಳಗು. ಮೊದಲು ವಾಟ್ಸಾಪ್ ಗುಂಪು, ಆಮೇಲೆ ಬಿಷಪ್ಪರಿಗೆ ಅರ್ಜಿ, ಕೊನೆಗೆ ಕೋರ್ಟು. ಆ ಮನುಷ್ಯನ ಮನೆಗೆ ಮಾತ್ರ ಯಾರೂ ಹೋಗಿರುವುದಿಲ್ಲ. ಸಂಜೆ ಹೊತ್ತು ಹೋಗಿ, ಚಹಾ ಕೊಟ್ಟರೆ ಕುಡಿಯಿರಿ. 'ಕಾಕಾ, ನಿಮ್ಮ ಆ ಮಾತು ನನಗ ಭಾಳ ನೋವಾತು, ಅದನ್ನ ನಿಮಗ ಹೇಳಬೇಕಂತ ಬಂದೀನಿ' ಎಂದು ನಡೆದ ಒಂದೇ ಘಟನೆ ಹೇಳಿ. ಇಪ್ಪತ್ತು ವರ್ಷದ ಪಟ್ಟಿ ತೆಗೆದರೆ ಅವರೂ ತಮ್ಮ ಪಟ್ಟಿ ತೆಗೆಯುತ್ತಾರೆ.

ನಿಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಇನ್ನೊಂದು ದಾರಿ ಆರಾಧನಾ ಕ್ರಮದಲ್ಲೇ ಇದೆ. ಕರ್ತನ ಭೋಜನದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದರ ಮೂಲ ರೀತಿ ಹೀಗೆ: ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರೂ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚಬೇಕು. ನಾಲ್ಕು ಕೈ ಕೂಡಿದಾಗ ಮುಖ ನೋಡದೆ ಇರಲು ಆಗುವುದಿಲ್ಲ. ಅವಸರದಲ್ಲಿ ಬೆರಳು ತಾಗಿಸಿ ಮುಂದೆ ಹೋಗುವ ಕಡೆ ಇದರ ಅರ್ಥವೇ ಉದುರಿಹೋಗಿದೆ. ಮನಸ್ತಾಪ ಇರುವವರ ಪಕ್ಕ ಬೇಕೆಂದೇ ಕೂಡಿ, ನಿಧಾನವಾಗಿ ಕೊಡಿ.

ತಾಳ್ಮೆಯ ಲೆಕ್ಕಕ್ಕೆ ಸಿಎಸ್‌ಐ ಹುಟ್ಟಿದ ಬಗೆಯನ್ನೇ ನೋಡಿ. ಬೇರೆ ಬೇರೆ ಮಿಷನ್ನುಗಳ ಸಭೆಗಳು ಒಂದಾಗುವ ಮಾತು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾಗಿ, ಕೂಡಿದ್ದು 1947ರ ಸೆಪ್ಟೆಂಬರ್ 27ರಂದು. 28 ವರ್ಷ ಚರ್ಚೆ. ನಮ್ಮ ಭಾಗಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಬಂದದ್ದು ಅದಕ್ಕೂ ಎಷ್ಟೋ ಮೊದಲು: ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಆ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಹಿಡಿದು ಕಳಿಸಿದ ಮೇಲೂ ಈ ಊರುಗಳಲ್ಲಿ ಸಭೆ ನಿಲ್ಲಲಿಲ್ಲ. ನೀವು ಕೂಡುವ ಬೆಂಚು ಅಂಥವರು ಉಳಿಸಿಕೊಟ್ಟದ್ದು.

ವರ್ಷ ತುಂಬಿದ ಮೇಲೂ ಸುವಾರ್ತೆಯೇ (ಯೇಸುವಿನ ಸಂದೇಶವೇ) ಕೇಳುತ್ತಿಲ್ಲ, ಲೆಕ್ಕ ಕೇಳಿದವರನ್ನು ಹೊರಹಾಕುತ್ತಾರೆ ಎಂದಾದರೆ ಬಿಡುವುದು ತಪ್ಪಲ್ಲ. ಹೇಳದೆ ಮಾಯವಾಗಬೇಡಿ. ಆಯ್ನೋರನ್ನು (ಸಭೆಯ ಪಾಸ್ಟರನ್ನು) ಕಂಡು ಕಾರಣ ಹೇಳಿ, ಸದಸ್ಯತ್ವದ ಪತ್ರ ತೆಗೆದುಕೊಂಡು ಹೋಗಿ, ಹೊಸ ಸಭೆಯಲ್ಲಿ ಹಳೆಯದರ ಚಾಡಿ ಹೇಳಬೇಡಿ. ಹುಬ್ಬಳ್ಳಿ ರೈಲ್ವೆಯ ಊರು. ತಮಿಳು, ತೆಲುಗು, ಇಂಗ್ಲಿಷ್ ಆರಾಧನೆಯೂ ಸಿಗುತ್ತದೆ. ಆದರೆ ಕುಂದು ಅಲ್ಲಿಯೂ ಇರುತ್ತದೆ, ಭಾಷೆ ಬೇರೆಯಾದ್ದರಿಂದ ಅದು ಗೊತ್ತಾಗಲು ಆರು ತಿಂಗಳು ಬೇಕು, ಅಷ್ಟೇ.

ಈ ಭಾನುವಾರ ಹೋದರೆ ಬಾಗಿಲಲ್ಲೇ ಯಾರಾದರೂ 'ಏನ್ರಿ, ಇಷ್ಟು ದಿನ ಕಾಣ್ಲೇ ಇಲ್ಲ?' ಎಂದು ಕೇಳುತ್ತಾರೆ. ಅದನ್ನು ಚುಚ್ಚುಮಾತು ಎಂದು ತಿಳಿಯಬೇಡಿ. 'ಬೇಜಾರಾಗಿತ್ರಿ, ಈಗ ಬಂದೀನಿ, ನೀವು ಆರಾಮ ಅದೀರಿಲ್ಲ?' ಎಂದು ಕೇಳಿ, ಅವರ ಉತ್ತರ ಪೂರ್ತಿ ಕೇಳಿಸಿಕೊಂಡು ಒಳಗೆ ಹೋಗಿ ಕೂಡಿ.