ಕ್ಯಾನನ್ 1500ಡಿಗೆ ಎರಡನೇ ಲೆನ್ಸ್ ಯಾವುದು, ಹಳೆಯದನ್ನು ಕೊಳ್ಳುವಾಗ ಏನೇನು ನೋಡಬೇಕು?

ನಿಮ್ಮ ಹತ್ತಿರ ಕ್ಯಾನನ್ 1500ಡಿ, ಜೊತೆಗೆ ಬಂದ 18-55 ಎಂಎಂ ಕಿಟ್ ಲೆನ್ಸ್ ಇದೆ. ಸಂಜೆ ಮನೆಯೊಳಗೆ ಮಗಳ ಫೋಟೊ ತೆಗೆದರೆ ಮಬ್ಬಾಗುತ್ತದೆ. ಬಜೆಟ್ 15 ಸಾವಿರ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಊರು ಶಿರಸಿ ಎಂದಿದ್ದೀರಿ.

ದುಡ್ಡು ಬಿಚ್ಚುವ ಮೊದಲು ಮಬ್ಬು ಯಾವ ಬಗೆಯದು ನೋಡಿ. ಫೋಟೊವನ್ನು ಕಂಪ್ಯೂಟರ್‌ನಲ್ಲಿ ಪೂರ್ತಿ ಹಿಗ್ಗಿಸಿ. ಮಗಳು ಮಸುಕಾಗಿ ಹಿಂದಿನ ಗೋಡೆ ಚೊಕ್ಕವಾಗಿ ಬಂದಿದ್ದರೆ ಫೋಕಸ್ ತಪ್ಪಿದೆ. ಅದಕ್ಕೆ ಲೆನ್ಸ್ ಬೇಡ, ನಡುವಿನ ಒಂದೇ ಫೋಕಸ್ ಪಾಯಿಂಟ್ ಆರಿಸಿ ಕಣ್ಣಿನ ಮೇಲಿಟ್ಟರೆ ಸಾಕು. ಇಡೀ ಚಿತ್ರವೇ ಒಂದು ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಕೈಕಾಲು ಮಾತ್ರ ಗೆರೆಗೆರೆಯಾಗಿದ್ದರೆ ಶಟರ್ (ಬೆಳಕು ಒಳಬಿಡುವ ಪರದೆ) ಹೆಚ್ಚು ಹೊತ್ತು ತೆರೆದಿತ್ತು ಎಂದರ್ಥ, ನಿಮ್ಮದು ಬಹುಶಃ ಇದೇ. ಐಎಸ್ (ಇಮೇಜ್ ಸ್ಟೆಬಿಲೈಸರ್) ಇರುವ ಲೆನ್ಸ್ ಕೈನಡುಕ ತಡೆಯುತ್ತದೆ, ಓಡಾಡುವ ಮಗುವನ್ನಲ್ಲ. ಇಲ್ಲಿ ಬೇಕಾದ್ದು ಬೆಳಕು.

ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಎಫ್ 1.8 ಅದಕ್ಕಿಂತ ಒಂಬತ್ತು ಪಟ್ಟು ಮಿಕ್ಕಿ ಬೆಳಕು ಬಿಡುತ್ತದೆ. ಅದೇ ಟ್ಯೂಬ್‌ಲೈಟಿನ ಕೆಳಗೆ 1/15 ಸೆಕೆಂಡ್ ಶಟರ್ ಬರುತ್ತಿದ್ದ ಕಡೆ 1/125 ಸಿಗುತ್ತದೆ. ಹಾಗಾಗಿ ನನ್ನ ಆಯ್ಕೆ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ.

ಆದರೆ ಒಂದು ತೊಡಕಿದೆ. 1500ಡಿಯ ಸೆನ್ಸರ್ ಚಿಕ್ಕದು. ಅದರಲ್ಲಿ 50 ಎಂಎಂ, ಫುಲ್ ಫ್ರೇಮಿನ (ದೊಡ್ಡ ಸೆನ್ಸರಿನ ಕ್ಯಾಮೆರಾದ) 80 ಎಂಎಂನಷ್ಟು ಬಿಗಿಯಾಗಿ ಕಾಣುತ್ತದೆ. ದೊಡ್ಡವರೊಬ್ಬರನ್ನು ನಖಶಿಖಾಂತ ಹಿಡಿಯಲು ಸುಮಾರು 13 ಅಡಿ ಹಿಂದೆ ಸರಿಯಬೇಕು. ಹತ್ತಡಿ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿರುತ್ತದೆ! ಇಎಫ್-ಎಸ್ 24 ಎಂಎಂ ಎಫ್ 2.8ಕ್ಕೆ ಆರೇಳು ಅಡಿ ಸಾಕು, ಆದರೆ ಕಿಟ್ ಲೆನ್ಸ್ 24ರಲ್ಲಿ ಹೆಚ್ಚುಕಡಿಮೆ ಎಫ್ 4 ಕೊಡುವುದರಿಂದ ಬೆಳಕಿನ ಲಾಭ ಬರೀ ಎರಡು ಪಟ್ಟು. ಯಾವುದು ಹೊಂದುತ್ತದೆ ಎಂದು ತಿಳಿಯಲು ಕಿಟ್ ಲೆನ್ಸಿನ ಜೂಮ್ ರಿಂಗನ್ನು 50ರ ಹತ್ತಿರ ಟೇಪ್ ಹಚ್ಚಿ ಒಂದು ದಿನ ಬಳಸಿ, ಮರುದಿನ 24ರಲ್ಲಿ.

50 ತಂದ ಮೇಲೆ ಎಲ್ಲವನ್ನೂ 1.8ರಲ್ಲೇ ತೆಗೆಯಬೇಡಿ. ಒಂದೂವರೆ ಮೀಟರ್ ದೂರದಲ್ಲಿ ಚೊಕ್ಕವಾಗಿರುವ ಭಾಗ ಸುಮಾರು 6 ಸೆಂ.ಮೀ. ಮಾತ್ರ, ಮೂಗು ಚೂಪಾಗಿ ಕಿವಿ ಕರಗುತ್ತದೆ. 2.2, 2.8 ಹಿತವಾಗಿರುತ್ತವೆ.

ಹಳೆ ಸರಕಿನಲ್ಲಿ ಎರಡು 50 ಕಾಣುತ್ತವೆ. ಹಿಂಭಾಗದ ಮೌಂಟ್ (ಕ್ಯಾಮೆರಾಗೆ ಕೂರುವ ಬಳೆ) ಪ್ಲಾಸ್ಟಿಕ್ ಇದ್ದರೆ ಅದು ಹಿಂದಿನ ‘II’, 5 ಬ್ಲೇಡಿನದು (ಬ್ಲೇಡು ಎಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಎಲೆ), ಫೋಕಸ್ ಗಲಾಟೆಯದು. 2015ರಲ್ಲಿ ಬಂದ ಎಸ್‌ಟಿಎಂಗೆ ಲೋಹದ ಮೌಂಟ್, 7 ಬ್ಲೇಡು, 35 ಸೆಂ.ಮೀ.ವರೆಗೆ ಹತ್ತಿರ ಹೋಗಬಹುದು. ಆರ್‌ಎಫ್ ಎಂದು ಬರೆದದ್ದು ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳದು, ನಿಮ್ಮ ಕ್ಯಾಮೆರಾಗೆ ಕೂರುವುದೇ ಇಲ್ಲ. ಅಗ್ಗಕ್ಕೆ ಸಿಗುವ 75-300 ಜೂಮ್ ಲೆನ್ಸಿನ ಆಸೆಗೆ ಬೀಳಬೇಡಿ: ಐಎಸ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗೆ, ಅಂದರೆ ಚೂಪು ಸಾಲದು. ದೂರದ್ದು ಬೇಕಾದಾಗ 55-250 ಎಸ್‌ಟಿಎಂ ನೋಡಿ.

ಕೊಳ್ಳುವಾಗ ನಿಮ್ಮದೇ ಕ್ಯಾಮೆರಾ, ಒಂದು ಸಣ್ಣ ಟಾರ್ಚ್ ಒಯ್ಯಿರಿ. ಕಳಚಿದ ಇಎಫ್ ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದೇ ಇರುತ್ತದೆ, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ಇಣುಕಿ. ಚುಕ್ಕೆ ಚುಕ್ಕೆ ಧೂಳು ಲೆಕ್ಕಕ್ಕಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಅಂದರೆ ಬೂಷ್ಟು. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ, ಗಾಜಿನ ಲೇಪನವನ್ನೇ ತಿಂದಿರುತ್ತದೆ. ಮುಂದಿನ ಗಾಜಿನ ಒಂದು ಸಣ್ಣ ಗೀರು ಕ್ಷಮ್ಯ, ಹಿಂದಿನ ಗಾಜಿನದು ಅಲ್ಲ.

ಆಮೇಲೆ ಲೆನ್ಸ್ ಹಾಕಿ ಗೋಡೆಗೆ ಅಂಟಿಸಿದ ದಿನಪತ್ರಿಕೆಯನ್ನು ನೇರ ಎದುರಿನಿಂದ ಎಫ್ 2.8ರಲ್ಲಿ ತೆಗೆಯಿರಿ. ನಾಲ್ಕೂ ಮೂಲೆ ಸಮನಾಗಿ ತುಸು ಮೆತ್ತಗಿದ್ದರೆ ಸಹಜ. ಒಂದೇ ಮೂಲೆ ಕಲಸಿದ್ದರೆ ಲೆನ್ಸ್ ಎಲ್ಲೋ ಬಿದ್ದು ಒಳಗಿನ ಗಾಜು ವಾಲಿರಬಹುದು. ಅದೇ ಚಿತ್ರ ಎಫ್ 8ರಲ್ಲೂ ತೆಗೆಯಿರಿ: ಅಪರ್ಚರ್ ಕೇಬಲ್ ಹಾಳಾದ ಲೆನ್ಸ್ 1.8ರಲ್ಲಿ ಸುಮ್ಮನಿದ್ದು, ಬ್ಲೇಡ್ ಅಲುಗಬೇಕಾದಾಗ ಎರರ್ 01 ತೋರಿಸುತ್ತದೆ. ವ್ಯೂಫೈಂಡರ್‌ನಲ್ಲಿ ಒಮ್ಮೆ, ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತ) ಒಮ್ಮೆ ಫೋಕಸ್ ಮಾಡಿ ಹೋಲಿಸಿ. ಲೈವ್ ವ್ಯೂ ಮಾತ್ರ ಚೊಕ್ಕವಾಗಿದ್ದರೆ ಆ ಲೆನ್ಸ್ ಬಿಡಿ, ಅದನ್ನು ಸರಿಹೊಂದಿಸುವ ಸೌಲಭ್ಯ 1500ಡಿಯಲ್ಲಿಲ್ಲ. ಕ್ಯಾಮೆರಾ ಆಫ್ ಇದ್ದಾಗ ಎಸ್‌ಟಿಎಂನ ರಿಂಗ್ ತಿರುಗಿಸಿದರೆ ಫೋಕಸ್ ಬದಲಾಗದು, ಅದು ದೋಷವಲ್ಲ.

ಶಿರಸಿಯ ಮಳೆಗಾಲಕ್ಕೆ ಒಂದು ಮಾತು. ಕ್ಯಾಮೆರಾ ಬ್ಯಾಗು, ಬಟ್ಟೆಯ ಬೀರು ಎರಡೂ ಬೂಷ್ಟಿನ ತವರು. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಸಣ್ಣ ತೇವಾಂಶ ಮಾಪಕ ಇಟ್ಟು 40ರಿಂದ 50 ಶೇಕಡಾ ಕಾಯ್ದುಕೊಳ್ಳಿ. ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ, ಮಗು ಇರುವ ಮನೆಗೆ ಬೇಡ.